ದೊಡ್ಡ ಎಂಜಿನ್ನಿನ ಸೆಕೆಂಡ್ ಹ್ಯಾಂಡ್ ಕ್ರೂಸರ್ ಕೊಳ್ಳುವ ಕ್ರಮ: ಸಮಗ್ರ ಮಾರ್ಗದರ್ಶಿ

ಬಳಸಿದ ದೊಡ್ಡ ಕ್ರೂಸರ್ ಬೈಕ್ (ತಗ್ಗಾದ ಸೀಟಿನ, ಉದ್ದನೆಯ ಗಾಡಿ) ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಸೈಲೆನ್ಸರಿನ ಸದ್ದು ಕೇಳುತ್ತಾರೆ, ಆಮೇಲೆ ಟೋಕನ್ ಹಣ ಕೊಡುತ್ತಾರೆ, ಕೊನೆಗೆ ಆರ್‌ಸಿ (ನೋಂದಣಿ ಪತ್ರ) ನೋಡುತ್ತಾರೆ. ಬ್ಯಾಂಕಿನ ಸಾಲ ತೀರಿಲ್ಲವೆಂದೋ, ಗಾಡಿ ಹೊರರಾಜ್ಯದ್ದೆಂದೋ, ವಿಮೆ ಎಂದೋ ಮುಗಿದಿದೆಯೆಂದೋ ತಿಳಿಯುವ ಹೊತ್ತಿಗೆ ಮುಂಗಡ ಮಾರುವವರ ಕೈ ಸೇರಿರುತ್ತದೆ. ಈ ಮಾರ್ಗದರ್ಶಿಯಲ್ಲಿ ಕ್ರಮ ಬೇರೆಯಾಗಿದೆ: ಖರ್ಚಿಲ್ಲದೆ ಮನೆಯಲ್ಲೇ ಕುಳಿತು ಪರಿಶೀಲಿಸಬಹುದಾದುದು ಮೊದಲು, ಮುಟ್ಟಿ ನೋಡಬೇಕಾದುದು ಅದರ ನಂತರ, ಆಮೇಲೆ ಓಡಿಸುವುದು, ಕಟ್ಟಕಡೆಗೆ ಹಣದ ಮಾತು. ಒಂದು ಹಂತದಲ್ಲಿ ಗಾಡಿ ಸೋತರೆ ಮುಂದಿನ ಹಂತಕ್ಕೆ ಹೋಗುವ ಅಗತ್ಯವೇ ಇಲ್ಲ.

ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೋರ್ 650, ಕವಾಸಕಿ ವಲ್ಕನ್ ಎಸ್, ಹಾರ್ಲೆ-ಡೇವಿಡ್ಸನ್ ಸ್ಟ್ರೀಟ್ 750 ಮತ್ತು ಐರನ್ 883ರಂಥ ಗಾಡಿಗಳನ್ನು ಕರ್ನಾಟಕದಲ್ಲಿ ಕೊಂಡು ಇಲ್ಲಿಯೇ ಓಡಿಸುವವರನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಹಂತ 1: ಮಾದರಿ ಆರಿಸುವ ಮುನ್ನ ಬಿಡಿಭಾಗ ವಿಚಾರಿಸಿ

ಜಾಹೀರಾತು ಹುಡುಕುವುದಕ್ಕಿಂತ ಮೊದಲು, ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಊರಿನಿಂದ ಎಷ್ಟು ದೂರವಿದೆ ಎಂಬುದನ್ನು ತಿಳಿದುಕೊಳ್ಳಿ. ಬೆಂಗಳೂರಿನವರಿಗೆ ಇದು ದೊಡ್ಡ ವಿಷಯವಾಗದಿರಬಹುದು. ಹಾಸನ, ದಾವಣಗೆರೆ, ಕಲಬುರಗಿಯವರಿಗೆ ಇದೇ ಮೊದಲ ಪ್ರಶ್ನೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕ್ಲಚ್ ಪ್ಲೇಟ್ ಸೆಟ್, ಬ್ರೇಕ್ ಪ್ಯಾಡ್, ಹಿಂಚಕ್ರದ ಬೆಲ್ಟ್ ಅಥವಾ ಚೈನ್ ಸೆಟ್ ಇವುಗಳ ಬೆಲೆಯೆಷ್ಟು, ಬರಲು ಎಷ್ಟು ದಿನ ಬೇಕು ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಒಂದು ಕ್ಲಚ್ ಪ್ಲೇಟಿಗಾಗಿ ಅದು ತಿಂಗಳುಗಟ್ಟಲೆ ನಿಲ್ಲುತ್ತದೆ.

ಹಾರ್ಲೆ-ಡೇವಿಡ್ಸನ್ 2020ರ ಸೆಪ್ಟೆಂಬರಿನಲ್ಲಿ ಭಾರತದ ನೇರ ವಹಿವಾಟು ನಿಲ್ಲಿಸುವುದಾಗಿ ಘೋಷಿಸಿ, ಮರುತಿಂಗಳು ಮಾರಾಟ ಮತ್ತು ಸರ್ವಿಸ್ ಹೊಣೆಯನ್ನು ಹೀರೋ ಮೋಟೋಕಾರ್ಪ್‌ಗೆ ವಹಿಸುವ ಒಪ್ಪಂದ ಮಾಡಿಕೊಂಡಿತು. ಹರಿಯಾಣದ ಬಾವಲ್‌ನಲ್ಲಿ ತಯಾರಾಗುತ್ತಿದ್ದ ಸ್ಟ್ರೀಟ್ 750 ಅಲ್ಲಿಗೆ ನಿಂತಿತು. ಆದ್ದರಿಂದ ಈ ಮಾದರಿಯನ್ನು ಕೊಳ್ಳುವವರು ಬಿಡಿಭಾಗಗಳ ವಿಚಾರಣೆಯನ್ನು ತಪ್ಪಿಸಲೇಬಾರದು. ಪಾಲುದಾರ ಕಂಪನಿಗಳು ಬದಲಾಗುತ್ತ ಬಂದು ಕೊನೆಗೆ ಮಾರಾಟವೇ ನಿಂತುಹೋದ ಹ್ಯೋಸಂಗ್ ಅಕ್ವಿಲಾದಂಥ ಗಾಡಿಗಳನ್ನು, ಸ್ವತಃ ರಿಪೇರಿ ಬಲ್ಲವರನ್ನು ಬಿಟ್ಟು ಉಳಿದವರು ಕೈಬಿಡುವುದೇ ಲೇಸು.

ತೂಕವನ್ನೂ ಇದೇ ಹಂತದಲ್ಲಿ ಯೋಚಿಸಬೇಕು. ಸೂಪರ್ ಮೀಟಿಯೋರ್ 650 ಸುಮಾರು 241 ಕೆ.ಜಿ. ತೂಗುತ್ತದೆ. ಸೀಟು ತಗ್ಗಾಗಿರುವುದರಿಂದ ಕುಳಿತಾಗ ಈ ತೂಕ ಗೊತ್ತಾಗುವುದಿಲ್ಲ. ಇಳಿಜಾರಿನ ಪಾರ್ಕಿಂಗಿನಿಂದ ಒಬ್ಬರೇ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಯಾವುದಾದರೂ ಷೋರೂಮಿನಲ್ಲಿ ಅದೇ ಮಾದರಿಯನ್ನು ಎಂಜಿನ್ ಚಾಲೂ ಮಾಡದೆ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಗಾಡಿ ನೋಡುವ ಮೊದಲು ದಾಖಲೆ ನೋಡಿ

ಮಾರುವವರಿಂದ ಆರ್‌ಸಿಯ ಎರಡೂ ಬದಿಯ ಮತ್ತು ವಿಮಾ ಪಾಲಿಸಿಯ ಫೋಟೋ ತರಿಸಿಕೊಳ್ಳಿ. "ಬಂದಾಗ ತೋರಿಸುತ್ತೇನೆ" ಎನ್ನುವವರ ಬಳಿ ಹೋಗಬೇಡಿ. ನೋಂದಣಿ ಸಂಖ್ಯೆಯನ್ನು ಕೇಂದ್ರ ಸಾರಿಗೆ ಸಚಿವಾಲಯದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿ ದಿನಾಂಕ, ವಿಮೆಯ ಅವಧಿ ಮೊದಲಾದ ವಿವರಗಳು ಸಿಗುತ್ತವೆ. ಇವು ಆರ್‌ಸಿ ಮತ್ತು ಪಾಲಿಸಿಯ ಜೊತೆ ಅಕ್ಷರಶಃ ತಾಳೆಯಾಗಬೇಕು. ದಂಡದ ಬಾಕಿಯನ್ನೂ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಅದೇ ಸಂಖ್ಯೆ ಹಾಕಿ ನೋಡಬಹುದು. ಬೆಂಗಳೂರಿನ ಗಾಡಿಗಳಲ್ಲಿ ಇದು ಆಗಾಗ ಸಾವಿರಗಳಲ್ಲಿ ಇರುತ್ತದೆ.

ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಗಾಡಿಯ ಮೇಲೆ ಅಡಮಾನವಿದೆ ಎಂದರ್ಥ. "ಕಂತು ಎಲ್ಲ ಮುಗಿದಿದೆ" ಎಂಬ ಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಅದರ ಸಹಿಯುಳ್ಳ ಫಾರಂ 35 (ಅಡಮಾನ ಮುಗಿದ ತಿಳಿವಳಿಕೆ) ಇದ್ದರೆ ಮಾತ್ರ ಆರ್‌ಟಿಒ ಆ ಹೆಸರನ್ನು ತೆಗೆಯುತ್ತದೆ. ಈ ಎನ್‌ಒಸಿಗೆ ಅವಧಿಯಿರುತ್ತದೆ. ಎರಡು ವರ್ಷದ ಹಿಂದಿನ ಪತ್ರವನ್ನು ತೋರಿಸಿದರೆ ಹೊಸದನ್ನು ತರಲು ಹೇಳಿ.

ವಿಮಾ ಪಾಲಿಸಿಯನ್ನು ಹೆಚ್ಚಿನವರು ಮುಗಿಯುವ ದಿನಾಂಕಕ್ಕಾಗಿ ಮಾತ್ರ ನೋಡುತ್ತಾರೆ. ಅದರಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯೆಂದರೆ ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ವರ್ಷಗಳಿಗೆ ಅನುಸಾರವಾಗಿ ಪ್ರೀಮಿಯಂನ ಈ ರಿಯಾಯಿತಿ ಶೇ. 20, 25, 35, 45, 50 ಎಂದು ಏರುತ್ತದೆ. ಐದಾರು ವರ್ಷದ ಗಾಡಿ, ಒಬ್ಬರೇ ಮಾಲೀಕರು, ಪಾಲಿಸಿ ಎಂದೂ ತಪ್ಪಿಲ್ಲ, ಆದರೂ ಬೋನಸ್ ಸೊನ್ನೆಯೆಂದರೆ ಇತ್ತೀಚೆಗೆ ಯಾವುದೋ ಕ್ಲೇಮ್ ಆಗಿದೆ. ಅದು ಬಿದ್ದು ಮುರಿದ ಕನ್ನಡಿಗೋ, ಬಾಗಿದ ಚಾಸಿಸ್ಸಿಗೋ ಎಂಬುದನ್ನು ಮಾರುವವರೇ ಬಿಲ್ಲಿನ ಸಮೇತ ಹೇಳಬೇಕು.

ಹೊರರಾಜ್ಯದ ನೋಂದಣಿಯ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಕರ್ನಾಟಕದ ಜೀವಿತಾವಧಿ ತೆರಿಗೆ ದುಬಾರಿಯಾದುದರಿಂದ, ಮೂಲ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ ದೊಡ್ಡ ಬೈಕಿನ ತೆರಿಗೆ ಲಕ್ಷ ಮುಟ್ಟಿದರೂ ಆಶ್ಚರ್ಯವಿಲ್ಲ. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವುದು ಬೇರೆಯೇ ಓಡಾಟ. ಈ ಮೊತ್ತವನ್ನು ಬೆಲೆಗೆ ಸೇರಿಸಿದ ನಂತರವೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ.

ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗದ ಮಾದರಿಯಾಗಿದ್ದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಕೇಳಿ. ಅದಿಲ್ಲದ ಗಾಡಿಯ ಬಗ್ಗೆ ಮಾತು ಮುಂದುವರಿಸಬಾರದು.

ಹಂತ 3: ಸಲಕರಣೆ ಮತ್ತು ಸಮಯ

ಸಣ್ಣ ಎಲ್‌ಇಡಿ ಟಾರ್ಚ್, ಮಲ್ಟಿಮೀಟರ್, ಬಿಳಿ ಬಟ್ಟೆ, ಪುಟ್ಟ ಅಯಸ್ಕಾಂತ, ಟೈರ್ ಗಾಳಿ ಅಳೆಯುವ ಗೇಜ್, ನಿಮ್ಮದೇ ಹೆಲ್ಮೆಟ್ ಇಷ್ಟಿದ್ದರೆ ಸಾಕು. ಜೊತೆಗೆ ಒಬ್ಬರು ಬರಲೇಬೇಕು. ಹೆಚ್ಚಿನ ಕ್ರೂಸರುಗಳಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದಿರುವುದರಿಂದ ಒಬ್ಬರು ಹಿಡಿದು ನಿಲ್ಲಿಸದೆ ಇನ್ನೊಬ್ಬರಿಗೆ ಚಕ್ರ ತಿರುಗಿಸಿ ನೋಡಲು ಆಗುವುದಿಲ್ಲ. ಆ ಮಾದರಿಯನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಸಿಕ್ಕರೆ ಅವರ ಕೂಲಿ ಕೊಟ್ಟು ಕರೆದುಕೊಂಡು ಹೋಗುವುದು ಒಳ್ಳೆಯದು. ಬೆಳಗಿನ ಹೊತ್ತು, ಮಳೆಯಿಲ್ಲದ ದಿನ, ಬಯಲಿನ ಬೆಳಕು ಇರಲಿ. ಒದ್ದೆಯಾದ ಗಾಡಿಯಲ್ಲಿ ಗೀರೂ ಕಾಣುವುದಿಲ್ಲ, ಆಯಿಲ್ ಸೋರಿಕೆಯೂ ಕಾಣುವುದಿಲ್ಲ.

"ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿಡಿ.

ಹಂತ 4: ತಣ್ಣಗಿನ ಎಂಜಿನ್

ತಲುಪಿದ ಕೂಡಲೇ ಎಂಜಿನ್ ಕೇಸಿನ ಹತ್ತಿರ ಅಂಗೈ ಒಯ್ದು ನೋಡಿ. ಬಿಸಿಯಿದ್ದರೆ, ಯಾಕೆ ಬಿಸಿ ಮಾಡಿದರೆಂದು ಕೇಳಿ, ಇನ್ನೊಂದು ದಿನ ಬರುವುದಾಗಿ ಹೇಳಿ ಹೊರಡಿ. ದೊಡ್ಡ ಎಂಜಿನ್ನಿನ ದೋಷಗಳೆಲ್ಲ ಹೆಚ್ಚಾಗಿ ಹೊರಬೀಳುವುದು ರಾತ್ರಿಯಿಡೀ ನಿಂತು ಬೆಳಿಗ್ಗೆ ಮೊದಲ ಸಲ ಚಾಲೂ ಆಗುವ ಆ ಒಂದೆರಡು ನಿಮಿಷಗಳಲ್ಲಿ.

ಚಾಲೂ ಮಾಡುವ ಮುನ್ನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಚೆನ್ನಾಗಿ ಚಾರ್ಜ್ ಆಗಿರುವ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಸೆಲ್ಫ್ ಒತ್ತಿದಾಗ ಅದು 10ರ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದರೆ 13.8ರಿಂದ 14.5ರ ನಡುವೆ ಇರಬೇಕು. ಕಡಿಮೆಯಿದ್ದರೂ ಹೆಚ್ಚಿದ್ದರೂ ಸಂಶಯ ಹೋಗಬೇಕಾದುದು ಬ್ಯಾಟರಿಯನ್ನು ಚಾರ್ಜ್ ಮಾಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಅಥವಾ ಸ್ಟೇಟರ್ ಕಡೆಗೆ; ಹೊಸ ಬ್ಯಾಟರಿ ಹಾಕಿದರೆ ಈ ತೊಂದರೆ ಹೋಗುವುದಿಲ್ಲ.

ಸೈಲೆನ್ಸರಿನ ಹಿಂದೆ ಜೊತೆಯವರನ್ನು ನಿಲ್ಲಿಸಿ ಚಾಲೂ ಮಾಡಿ. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಬಂದು ನಿಂತರೆ ಅದು ನೀರಾವಿ ಮಾತ್ರ. ಬಿಳಿ ಹೊಗೆ ನಿಲ್ಲದೆ, ಸಿಹಿಯಾದ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಎಂಜಿನ್ನಿನೊಳಗೆ ಸೇರಿ ಉರಿಯುತ್ತಿದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ: ಚಾಲೂ ಆದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್, ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಎಂದು ಸಾಮಾನ್ಯವಾಗಿ ತಿಳಿಯಬಹುದು. ಎರಡನೆಯದು ಎಂಜಿನ್ ಬಿಚ್ಚುವ ಕೆಲಸವಾದ್ದರಿಂದ ಅಲ್ಲಿಗೇ ಗಾಡಿಯನ್ನು ಬಿಟ್ಟುಬಿಡಬೇಕು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುವುದರ ಲಕ್ಷಣ. ಅದಕ್ಕೆ ಪರಿಹಾರ ಅಷ್ಟು ದುಬಾರಿಯಲ್ಲ.

ಸದ್ದಿನ ವಿಷಯದಲ್ಲಿ ಹೊಸಬರು ಎರಡೂ ಕಡೆಗೆ ತಪ್ಪುತ್ತಾರೆ. ಐರನ್ 883 ನಿಂತಲ್ಲೇ ಮೈಯೆಲ್ಲ ಅಲುಗಾಡಿಸುವುದು ಅದರ ಎಂಜಿನ್ನಿನ ಸ್ವಭಾವ, ಅದು ದೋಷವಲ್ಲ. ಆದರೆ ಬಿಸಿಯಾದ ಮೇಲೂ ನಿಲ್ಲದ ಟಕಟಕ ಸದ್ದು, ಆಕ್ಸಿಲರೇಟರಿನ ಜೊತೆ ಏರುವ ಆಳವಾದ ಬಡಿತ ಇವೆರಡಕ್ಕೂ ಕ್ಷಮೆಯಿಲ್ಲ. ಜೋರಿನ ಸೈಲೆನ್ಸರ್ ಹಾಕಿರುವ ಗಾಡಿಯಲ್ಲಿ ಇವು ಮುಚ್ಚಿಹೋಗುತ್ತವೆ. ಬಗ್ಗಿ, ಕಿವಿಯನ್ನು ಎಂಜಿನ್ ಕಡೆಗೆ ಕೊಟ್ಟು ಕೇಳಿ.

ಸ್ಟ್ರೀಟ್ 750 ಮತ್ತು ವಲ್ಕನ್ ಎಸ್‌ನಂತೆ ರೇಡಿಯೇಟರ್ ಇರುವ ಗಾಡಿಯನ್ನು ಫ್ಯಾನ್ ತಿರುಗುವವರೆಗೂ ನಿಂತಲ್ಲೇ ಓಡಲು ಬಿಡಬೇಕು. ಇದಕ್ಕೆ ಸಮಯ ಹಿಡಿಯುವುದರಿಂದ ಯಾರೂ ಮಾಡುವುದಿಲ್ಲ. ಕೊಂಡ ಮೇಲೆ ಬೆಂಗಳೂರಿನ ವಾಹನದಟ್ಟಣೆಯ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಫ್ಯಾನ್ ಕೆಟ್ಟಿರುವುದು ತಿಳಿದರೆ ಪ್ರಯೋಜನವಿಲ್ಲ. ಕೂಲಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಮತ್ತು ಆಯಿಲ್ ಬೆರೆತಿವೆ. ಆಯಿಲ್ ಮಟ್ಟ ನೋಡುವ ರೀತಿ ಎಲ್ಲ ಗಾಡಿಗಳಲ್ಲೂ ಒಂದೇ ಅಲ್ಲ. ಐರನ್ 883ರಲ್ಲಿ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುವುದರಿಂದ ಎಂಜಿನ್ ಬಿಸಿಯಾದ ನಂತರವೇ ಸರಿಯಾದ ಮಟ್ಟ ತಿಳಿಯುತ್ತದೆ.

ಕಡಿಮೆ ಕಿಲೋಮೀಟರ್ ಓಡಿದ ಗಾಡಿಯ ಬಗ್ಗೆ ಒಂದು ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ವರ್ಷಗಟ್ಟಲೆ ಕವರ್ ಹೊದ್ದು ನಿಂತಿರುವ ದೊಡ್ಡ ಬೈಕುಗಳು ಕಡಿಮೆಯೇನಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವುದರಿಂದ ಇಂಥ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ಪಂಪು ಮತ್ತು ಇಂಜೆಕ್ಟರ್ ಕಟ್ಟಿಕೊಳ್ಳುತ್ತವೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ಒಳಗೋಡೆ ನೋಡಿ. ನಿಯಮಿತವಾಗಿ ಓಡಿ ಸರ್ವಿಸ್ ಕಂಡ 30,000 ಕಿ.ಮೀ.ಯ ಗಾಡಿಯನ್ನು, ನಿಂತೇ ಹಳತಾದ 6,000 ಕಿ.ಮೀ.ಯ ಗಾಡಿಗಿಂತ ಮೇಲೆಂದು ನಾನು ಎಣಿಸುತ್ತೇನೆ.

ಹಂತ 5: ಚಾಸಿಸ್, ಫೋರ್ಕ್, ಚಕ್ರಗಳು

ಮೊದಲು ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿಯೊಂದಿಗೆ ತಾಳೆ ಮಾಡಿ. ಅಂಕಿಗಳ ಸಾಲು ಓರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತು ಅಥವಾ ಹೊಸ ಬಣ್ಣ ಕಂಡರೆ ಕಾರಣ ಕೇಳುತ್ತ ನಿಲ್ಲಬೇಡಿ, ಹೊರಟುಬಿಡಿ.

ಬಿದ್ದ ಗಾಡಿಯ ಗುರುತುಗಳನ್ನು ಟ್ಯಾಂಕಿನ ಮೇಲೆ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಬಣ್ಣ ಹೊಡೆದಿರುತ್ತಾರೆ. ಹ್ಯಾಂಡಲಿನ ತುದಿ, ಲಿವರಿನ ಗುಂಡು ತುದಿ, ಫುಟ್‌ರೆಸ್ಟಿನ ಹೊರ ಅಂಚು, ಸೈಲೆನ್ಸರಿನ ಕೆಳಮೈ ಇವುಗಳಲ್ಲಿ ಸವೆತ ನೋಡಿ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಅದು ತಡೆದು ನಿಲ್ಲುವ ಕಬ್ಬಿಣದ ಮೊಳೆ ಚಾಸಿಸ್ಸಿನ ಕತ್ತಿನಲ್ಲಿರುತ್ತದೆ. ಅದು ನೆಗ್ಗಿದ್ದರೆ ಅಥವಾ ಅಲ್ಲಿ ಬಣ್ಣ ಸಿಡಿದಿದ್ದರೆ ಮುಂಚಕ್ರ ಯಾವುದಕ್ಕೋ ಬಲವಾಗಿ ಬಡಿದಿದೆ. ಉಕ್ಕಿನ ಟ್ಯಾಂಕಿನ ಮೇಲೆ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಆಡಿಸಿ. ಹಿಡಿಯದ ಜಾಗದಲ್ಲಿ ಪುಟ್ಟಿ ತುಂಬಿದೆ.

ನಮ್ಮ ಅವೈಜ್ಞಾನಿಕ ರಸ್ತೆ ಉಬ್ಬುಗಳಿಗೆ ಹೆಚ್ಚು ಸಿಕ್ಕಿಬೀಳುವವು ತಗ್ಗಾದ, ಉದ್ದನೆಯ ಗಾಡಿಗಳು. ಆದ್ದರಿಂದ ನೆಲಕ್ಕೆ ಬಗ್ಗಿ ಎಂಜಿನ್ನಿನ ಅಡಿಭಾಗ, ಆಯಿಲ್ ಡ್ರೈನ್ ಬೋಲ್ಟ್, ಕೆಳಗಿನ ಚಾಸಿಸ್ ಕೊಳವೆ ಇವುಗಳನ್ನು ಟಾರ್ಚಿನಲ್ಲಿ ನೋಡಿ. ಗೀರು ಸಹಜ, ಬಿರುಕು ಮತ್ತು ವೆಲ್ಡಿಂಗ್ ಸಹಜವಲ್ಲ.

ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ, ಮುಂಬ್ರೇಕ್ ಹಿಡಿದು ನಾಲ್ಕೈದು ಸಲ ಬಲವಾಗಿ ಒತ್ತಿ, ಮತ್ತೆ ಒರೆಸಿ. ಎರಡನೆಯ ಸಲ ಎಣ್ಣೆಯ ಉಂಗುರ ಮೂಡಿದರೆ ಆಯಿಲ್ ಸೀಲ್ ಹೋಗಿದೆ. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಲ್ಲಿ ಕಡಲಗಾಳಿಯ ಉಪ್ಪಿಗೆ ಈ ಕೊಳವೆಯಲ್ಲೇ ತುಕ್ಕಿನ ಚುಕ್ಕೆಗಳು ಬಿದ್ದಿರಬಹುದು. ಹಾಗಾಗಿದ್ದರೆ ಸೀಲ್ ಎಷ್ಟು ಸಲ ಬದಲಿಸಿದರೂ ಮತ್ತೆ ಹರಿಯುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ದಿನಾಂಕವಿರುತ್ತದೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರಿನ ತೋಡುಗಳು ಎಷ್ಟೇ ಆಳವಿದ್ದರೂ ರಬ್ಬರ್ ಬಿರುಸಾಗಿರುತ್ತದೆ, ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಅಂಚಿನಲ್ಲಿ ಬೆರಳಿಗೆ ತಡೆಯುವ ಏಣು ಎದ್ದಿದ್ದರೆ ಸವೆತ ಹೆಚ್ಚಾಗಿದೆ. ಮೀಟರ್ ಏನು ತೋರಿಸಿದರೂ ಫುಟ್‌ರೆಸ್ಟ್ ರಬ್ಬರ್, ಗ್ರಿಪ್, ಡಿಸ್ಕ್ ಈ ಮೂರರ ಸವೆತದ ಮಾತನ್ನೇ ನಂಬಬೇಕು.

ಚೈನ್ ಇರುವ ಗಾಡಿಯಲ್ಲಿ ಹಿಂದಿನ ಸ್ಪ್ರಾಕೆಟಿನ ನಡುಭಾಗದಿಂದ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧಕ್ಕಿಂತ ಹೆಚ್ಚು ಕಂಡರೆ ಸೆಟ್ ಬದಲಿಸಬೇಕು. ಹಾರ್ಲೆಯ ಬೆಲ್ಟನ್ನು ಚಕ್ರ ತಿರುಗಿಸುತ್ತ ಪೂರ್ತಿ ಒಂದು ಸುತ್ತು ನೋಡಬೇಕು. ಕಿತ್ತುಹೋದ ಹಲ್ಲು, ಅಂಚಿನ ನೂಲು, ಕಲ್ಲು ಸಿಕ್ಕಿ ಆದ ತೂತು ಇವುಗಳಲ್ಲಿ ಯಾವುದಿದ್ದರೂ ಬೆಲ್ಟ್ ಮುಗಿದಂತೆ. ಅದನ್ನು ಬದಲಿಸಲು ಹಿಂಚಕ್ರದ ಜೊತೆ ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಕೂಡ ಬಿಚ್ಚಬೇಕಾಗುವುದರಿಂದ ಕೂಲಿಯೂ ಹೆಚ್ಚು.

ನೆರೆನೀರಿನಲ್ಲಿ ಮುಳುಗಿದ ಗಾಡಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬೇಸ್‌ಮೆಂಟುಗಳು, 2023ರ ಡಿಸೆಂಬರಿನಲ್ಲಿ ಚೆನ್ನೈನ ಬಡಾವಣೆಗಳು ನೀರು ತುಂಬಿಕೊಂಡಿದ್ದವು. ಸೀಟು ತೆಗೆದು ವೈರಿಂಗ್ ಕನೆಕ್ಟರುಗಳನ್ನು ನೋಡಿ. ಹಸಿರು ಕಿಲುಬು, ಮೂಲೆಗಳಲ್ಲಿ ಸಣ್ಣನೆಯ ಒಣಕೆಸರು, ಹೆಡ್‌ಲೈಟಿನೊಳಗೆ ನೀರಿನ ಗೆರೆ ಕಂಡರೆ ಅದು ಮುಳುಗಿದ ಗಾಡಿ. ಇಂಥದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ. ಅದರ ವೈರಿಂಗ್ ತೊಂದರೆಗೆ ಕೊನೆಯಿಲ್ಲ.

ಹಂತ 6: ಓಡಿಸಿ ನೋಡುವುದು

ಚಾಲ್ತಿಯ ವಿಮೆ ಇಲ್ಲದ ಗಾಡಿಯನ್ನು ರಸ್ತೆಗಿಳಿಸಬೇಡಿ. ಮೊದಲು ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಎರಡೂ ಕಡೆಗೆ ಯು ತಿರುವು ತೆಗೆದುಕೊಳ್ಳಿ. ಹ್ಯಾಂಡಲ್ ನಡುವಿನಲ್ಲಿ ಕಚ್ಚಿ ಹಿಡಿದಂತಾದರೆ ಕತ್ತಿನ ಬೇರಿಂಗ್ ಸವೆದಿದೆ. ಆಮೇಲೆ ನೇರ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೇ ಆಕ್ಸಿಲರೇಟರ್ ತೆರೆಯಿರಿ: ಎಂಜಿನ್ ವೇಗ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಕೀ ತಿರುಗಿಸಿದಾಗ ಹತ್ತಬೇಕು, ಗಾಡಿ ಚಲಿಸಿದ ಮೇಲೆ ಆರಬೇಕು. ಹತ್ತದೇ ಇರುವುದೂ ಆರದೇ ಇರುವುದಷ್ಟೇ ಕೆಟ್ಟ ಲಕ್ಷಣ, ಏಕೆಂದರೆ ದೋಷ ಮುಚ್ಚಲು ಬಲ್ಬನ್ನೇ ತೆಗೆದಿರಬಹುದು. ಗೇರುಗಳು ತಾವಾಗಿ ಜಾರಿ ನ್ಯೂಟ್ರಲ್ಲಿಗೆ ಬರುತ್ತಿವೆಯೇ, ಬ್ರೇಕ್ ಹಿಡಿದಾಗ ಲಿವರ್ ಮಿಡಿಯುತ್ತಿದೆಯೇ, ಗಾಡಿ ಒಂದು ಕಡೆಗೆ ಎಳೆಯುತ್ತಿದೆಯೇ ಎಂಬುದನ್ನು ಗಮನಿಸಿ. ಮರಳಿದ ನಂತರ ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ತಣ್ಣಗಿದ್ದಾಗ ಚೆನ್ನಾಗಿ ಹತ್ತಿ ಬಿಸಿಯಲ್ಲಿ ಹತ್ತದ ಗಾಡಿಗಳೂ ಇವೆ.

ಹಂತ 7: ಬೆಲೆ

350 ಸಿಸಿ ಮೀರಿದ ಬೈಕುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ಇದನ್ನೇ ಮುಂದೊಡ್ಡಿ ಹಳೆಯ ಗಾಡಿಗೂ ಹೆಚ್ಚು ಕೇಳುವವರಿದ್ದಾರೆ. ಹೊಸ ಗಾಡಿಯ ಇಂದಿನ ಆನ್‌ರೋಡ್ ಬೆಲೆ ಒಂದು ತುದಿ, ಪಾಲಿಸಿಯಲ್ಲಿ ನಮೂದಾದ ಐಡಿವಿ (ವಿಮೆಗೆ ಹಿಡಿದ ಗಾಡಿಯ ಮೌಲ್ಯ) ಇನ್ನೊಂದು ತುದಿ ಎಂದಿಟ್ಟುಕೊಂಡು ಮಾತು ಆರಂಭಿಸಿ. ಟೈರ್, ಚೈನ್ ಅಥವಾ ಬೆಲ್ಟ್, ಬ್ಯಾಟರಿ, ಫೋರ್ಕ್ ಸೀಲ್, ಬಾಕಿ ದಂಡ ಇವನ್ನು ಕಾಗದದ ಮೇಲೆ ಒಂದೊಂದಾಗಿ ಬರೆದು ಕಳೆಯಿರಿ.

ಹಾಕಿಸಿದ ಜೋರಿನ ಸೈಲೆನ್ಸರ್, ಎತ್ತರದ ಹ್ಯಾಂಡಲ್ ಇವುಗಳಿಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಮೂಲ ಸೈಲೆನ್ಸರ್ ಕೊಡಲಾಗದಿದ್ದರೆ ಅದರ ಬೆಲೆಯನ್ನೂ ಕಳೆಯಬೇಕು, ಏಕೆಂದರೆ ಪೊಲೀಸರು ತಡೆದಾಗ ದಂಡ ಕಟ್ಟುವವರು ನೀವು. ಗಾಡಿಯ ಬಣ್ಣ ಬದಲಾಗಿದ್ದರೆ ಅದು ಆರ್‌ಸಿಯಲ್ಲೂ ದಾಖಲಾಗಿರಬೇಕು.

ಹಂತ 8: ಸಹಿ ಮೊದಲು, ಪೂರ್ಣ ಹಣ ಆಮೇಲೆ

ಮಾಲೀಕತ್ವ ವರ್ಗಾವಣೆಯ ಫಾರಂ 29ರ ಎರಡು ಪ್ರತಿ ಮತ್ತು ಫಾರಂ 30ಕ್ಕೆ ಮಾರುವವರು ಸಹಿ ಹಾಕಬೇಕು. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಬರುವ ರೂಢಿ ಅಪಾಯಕಾರಿ. ನಿಮ್ಮ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆಯೇ ಸಹಿಯಾಗಲಿ. ಹಣ ಆರ್‌ಸಿಯಲ್ಲಿರುವ ಮಾಲೀಕರ ಹೆಸರಿನ ಖಾತೆಗೇ ಹೋಗಬೇಕು, ಬ್ರೋಕರಿನ ಅಥವಾ "ತಮ್ಮನ" ಖಾತೆಗಲ್ಲ. ಮಾಲೀಕರು ತೀರಿಕೊಂಡಿದ್ದು ಮನೆಯವರು ಮಾರುತ್ತಿದ್ದರೆ ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಆರ್‌ಸಿ ಆಗಲಿ. ಎರಡೂ ಕೀ, ರಿಮೋಟ್ ಫಾಬ್ (ಎಲೆಕ್ಟ್ರಾನಿಕ್ ಕೀ) ಇರುವ ಹಾರ್ಲೆಯಾದರೆ ಅದು, ಸರ್ವಿಸ್ ಬಿಲ್ಲುಗಳು ಕೈಸೇರಿದ ನಂತರ ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆಯನ್ನು ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ.

ಡೀಲರ್ ಬಳಿ ಕೊಳ್ಳುವುದಾದರೆ, 2022ರ ಡಿಸೆಂಬರಿನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಅವರು ಪಡೆದಿರಬೇಕಾದ ಅಧಿಕೃತ ಪ್ರಮಾಣಪತ್ರವನ್ನೂ, ಗಾಡಿ ಅವರ ವಶಕ್ಕೆ ಬಂದದ್ದನ್ನು ಆರ್‌ಟಿಒಗೆ ತಿಳಿಸಿದ ಫಾರಂ 29ಸಿಯನ್ನೂ ಕೇಳಿ.

ಹಂತ 9: ಮೊದಲ ಎರಡು ವಾರ

ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ವರ್ಗಾವಣೆಯನ್ನು ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ಮಾರಿದವರು ನಿಧಾನ ಮಾಡಿದರೆ, ಅಪಘಾತವಾದಾಗ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದನ್ನು ನೆನಪಿಸಿ; ಕೆಲಸ ಬೇಗ ಆಗುತ್ತದೆ.

ವಿಮೆಯನ್ನು ಇದಕ್ಕೂ ಮೊದಲೇ ಗಮನಿಸಬೇಕು. ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆ ಗಾಡಿಯೊಂದಿಗೇ ವರ್ಗವಾದಂತೆ ಕಾನೂನು ಭಾವಿಸುತ್ತದೆ. ನಿಮ್ಮ ಗಾಡಿಗೆ ಆದ ಹಾನಿಯ ಭಾಗಕ್ಕೆ ಮಾತ್ರ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರದೇ ಆದುದರಿಂದ ಆ ವ್ಯತ್ಯಾಸದ ಹಣವನ್ನು ನೀವು ಕಟ್ಟಬೇಕಾಗುತ್ತದೆ.

ಆರ್‌ಟಿಒ ಕೆಲಸ ನಡೆಯುತ್ತಿರುವಾಗಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಬ್ರೇಕ್ ಆಯಿಲ್, ಕೂಲಂಟ್ ಎಲ್ಲವನ್ನೂ ಬದಲಿಸಿಬಿಡಿ. "ಮೊನ್ನೆಯಷ್ಟೇ ಹಾಕಿಸಿದ್ದೇವೆ" ಎಂಬ ಮಾತಿಗೆ ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲವೆಂದೇ ತಿಳಿಯಬೇಕು. ಇಳಿಸಿದ ಆಯಿಲನ್ನು ತಟ್ಟೆಯಲ್ಲಿಟ್ಟು ಅಯಸ್ಕಾಂತ ಆಡಿಸಿ ನೋಡಿ: ನುಣ್ಣನೆಯ ಬೂದಿಯಂಥ ಪುಡಿ ಅಂಟಿದರೆ ಚಿಂತೆಯಿಲ್ಲ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿಯನ್ನು ದೂರದ ಪ್ರಯಾಣಕ್ಕೆ ಒಯ್ಯದೆ ನೇರವಾಗಿ ಮೆಕ್ಯಾನಿಕ್ ಬಳಿ ತೆಗೆದುಕೊಂಡು ಹೋಗಿ.